ಪತ್ರಿಕಾಧಿಪತಿಯ ಪತ್ರವ್ಯವಹಾರ: ಬೀವರ್‌ಬ್ರುಕ್ ಪ್ರಭುವಿನ ಚಿತ್ರಶಾಲೆಯೂ ದಾನದ ಪ್ರಮಾಣವೂ

೧

ಇತಿಹಾಸರಚನೆಗೆ ಬೇಕಾದ ಸಾಧನಗಳಲ್ಲಿ ಶಾಸನಕ್ಕೂ ಖಾಸಗಿ ಪತ್ರಕ್ಕೂ ಬಹಳ ಅಂತರವುಂಟು. ಹೊಂಬಳ, ಲಕ್ಕುಂಡಿ ಮೊದಲಾದ ಗ್ರಾಮಗಳನ್ನೊಳಗೊಂಡ ಗದಗ ಸೀಮೆಯು ದಾನಶಾಸನಗಳಿಗೆ ಹೆಸರಾದುದು. ಅಂಥ ಶಾಸನವೊಂದನ್ನು ಓದುವವನಿಗೆ ದಾನಿಯಾರು, ಪ್ರತಿಗ್ರಹಿಸಿದವರಾರು, ಕೊಟ್ಟ ವಸ್ತುವೇನು, ಅದರ ಎಲ್ಲೆಯಾವುದು, ಕೊಟ್ಟ ದಿನವಾವುದು ಎಂಬ ಐದು ಸಂಗತಿಗಳು ಸಾಮಾನ್ಯವಾಗಿ ಒಂದೇ ಕಲ್ಲಿನಲ್ಲಿ ದೊರೆಯುತ್ತವೆ. ಅದನ್ನು ಬರೆಯಿಸಿದವರ ಉದ್ದೇಶವೇ ಮುಂದಿನವರು ಓದಲೆಂಬುದು. ಪತ್ರದ ಸ್ವಭಾವ ಹಾಗಲ್ಲ. ಅದು ಒಬ್ಬನು ಮತ್ತೊಬ್ಬನಿಗೆ ಆ ಹೊತ್ತಿನ ಕಾರ್ಯಕ್ಕಾಗಿ ಬರೆದುದು. ಇಬ್ಬರಿಗೂ ತಿಳಿದಿದ್ದ ಸಂಗತಿಯನ್ನು ಬಿಟ್ಟು, ತಿಳಿಯದುದನ್ನು ಮಾತ್ರ ಹೇಳುವುದು. ಆದುದರಿಂದ ಮೂರನೆಯವನೊಬ್ಬನು ಐವತ್ತು ವರ್ಷಗಳ ತರುವಾಯ ಅದನ್ನು ಕೈಗೆತ್ತಿಕೊಂಡಾಗ, ಬರೆದ ಮಾತಿಗಿಂತ ಬರೆಯದೆ ಬಿಟ್ಟ ಮಾತೇ ಹೆಚ್ಚು ತೊಡಕನ್ನುಂಟುಮಾಡುತ್ತದೆ.

ಈ ತೊಡಕು ಬರಿಯ ಪಂಡಿತರ ಚರ್ಚೆಯ ವಿಷಯವಲ್ಲ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕೆನಡಾ ದೇಶದ ಒಂದು ಚಿಕ್ಕ ಪಟ್ಟಣವು ತನ್ನ ಚಿತ್ರಶಾಲೆಯ ಅತ್ಯುತ್ತಮ ಕೃತಿಗಳನ್ನು ಉಳಿಸಿಕೊಳ್ಳುವುದೋ ಕಳೆದುಕೊಳ್ಳುವುದೋ ಎಂಬುದು, ಅರ್ಧ ಶತಮಾನದ ಹಿಂದಿನ ಕಾಗದಪತ್ರಗಳನ್ನು ಹೇಗೆ ಅರ್ಥಮಾಡಬೇಕೆಂಬ ಒಂದೇ ಪ್ರಶ್ನೆಯ ಮೇಲೆ ನಿಂತಿತು. ಆ ಚಿತ್ರಶಾಲೆಯನ್ನು ಸ್ಥಾಪಿಸಿದವನು ಲಂಡನ್ನಿನ ವೃತ್ತಪತ್ರಿಕೆಗಳ ಒಡೆಯನಾದ ಬೀವರ್‌ಬ್ರುಕ್ ಪ್ರಭು. ಪತ್ರಿಕಾಕಲಹಗಳಲ್ಲಿ ಲೇಖನಿಯನ್ನು ಆಯುಧದಂತೆ ಝಳಪಿಸಿದ ಈತನ ಕಾಗದಗಳು, ಚಿತ್ರಶಾಲೆಯ ವಿಷಯದಲ್ಲಿ ಸಾಕ್ಷಿಗಳಾಗಿ ನಿಲ್ಲಬೇಕಾಗಿ ಬಂದಾಗ ಏನಾಯಿತೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮ್ಯಾಕ್ಸ್ ಏಟ್ಕನ್ ಎಂಬುದು ಈತನ ಮೊದಲಿನ ಹೆಸರು. ೧೮೭೯ನೆಯ ಮೇ ೨೫ರಂದು ಕೆನಡಾದ ಆಂಟೇರಿಯೊ ಪ್ರಾಂತದ ಮೇಪಲ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಸ್ಕಾಟ್ಲೆಂಡಿನಿಂದ ಬಂದ ಪ್ರೆಸ್ಬಿಟೇರಿಯನ್ ಪಾದ್ರಿ. ಬಾಲ್ಯವು ಕಳೆದುದು ನ್ಯೂ ಬ್ರನ್ಸ್‌ವಿಕ್ ಪ್ರಾಂತದ ನ್ಯೂಕಾಸಲ್ ಎಂಬ ಚಿಕ್ಕ ಊರಿನಲ್ಲಿ. ಸಾಲಪತ್ರಗಳ ಮಾರಾಟ, ಕಂಪೆನಿಗಳ ಒಗ್ಗೂಡಿಕೆ ಮೊದಲಾದ ವ್ಯವಹಾರಗಳಲ್ಲಿ ಮೂವತ್ತು ವರ್ಷ ತುಂಬುವುದರೊಳಗಾಗಿಯೇ ಅಪಾರವಾದ ಧನವನ್ನು ಗಳಿಸಿದ ಈತನು, ೧೯೧೦ರಲ್ಲಿ ಇಂಗ್ಲೆಂಡಿಗೆ ಬಂದು ಅದೇ ವರ್ಷದ ಕೊನೆಯಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು. ೧೯೧೬ರಲ್ಲಿ ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಯ ಒಡೆತನವು ಈತನ ಕೈಸೇರಿತು. ೧೯೧೭ರಲ್ಲಿ ಪ್ರಭುಪದವಿ ದೊರೆತಾಗ, ಬಾಲ್ಯದ ಊರಿನ ಬಳಿಯ ಒಂದು ಹಳ್ಳದ ಹೆಸರನ್ನು ಈತನು ತನ್ನ ಬಿರುದಾಗಿ ಆರಿಸಿಕೊಂಡನು. ಲಂಡನ್ನಿನ ಸಿರಿಯಲ್ಲಿ ಮುಳುಗಿದರೂ ನ್ಯೂ ಬ್ರನ್ಸ್‌ವಿಕ್ಕನ್ನು ಮರೆಯಲಿಲ್ಲವೆಂಬುದಕ್ಕೆ ಆ ಬಿರುದೇ ಮೊದಲ ಸಾಕ್ಷಿ.

೧೯೧೮ರಲ್ಲಿ ‘ಸಂಡೇ ಎಕ್ಸ್‌ಪ್ರೆಸ್’ ಹುಟ್ಟಿತು. ೧೯೨೩ರಲ್ಲಿ ‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯು ಈತನ ವಶವಾಯಿತು. ೧೯೫೦ರ ದಶಕದಲ್ಲಿ ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಯ ದಿನದ ಪ್ರಸಾರವು ನಲವತ್ತು ಲಕ್ಷ ಪ್ರತಿಗಳನ್ನು ಮೀರಿತ್ತು. ಇಷ್ಟು ದೊಡ್ಡ ಸಂಸ್ಥೆಯನ್ನು ಈತನು ಕಾರ್ಯಾಲಯದಲ್ಲಿ ಕುಳಿತು ನಡೆಯಿಸಿದವನಲ್ಲ. ದೂರವಾಣಿಯಿಂದಲೂ, ಧ್ವನಿಗ್ರಹಣ ಯಂತ್ರಕ್ಕೆ ಹೇಳಿ ಕಳುಹಿದ ಆದೇಶಗಳಿಂದಲೂ, ಕಾರ್ಯದರ್ಶಿಗಳಿಗೆ ಬಾಯಲ್ಲಿ ಹೇಳಿ ಬರೆಯಿಸಿದ ಕಾಗದಗಳಿಂದಲೂ ಸಂಪಾದಕರನ್ನು ಹಗಲಿರುಳು ಎಚ್ಚರಿಸುತ್ತಿದ್ದನು. ಇದು ಮುಂದಿನ ವಿಚಾರಕ್ಕೆ ಮುಖ್ಯವಾದ ಸಂಗತಿ. ಬಾಯಿಮಾತಿನ ವೇಗದಲ್ಲಿ ಹುಟ್ಟಿದ ಕಾಗದವು ಬರೆದವನ ಆ ಕ್ಷಣದ ಇಚ್ಛೆಯನ್ನು ಬಹು ಸ್ಪಷ್ಟವಾಗಿ ತೋರಿಸುತ್ತದೆ; ಆದರೆ ಕರಾರುಪತ್ರದ ನಿಷ್ಕೃಷ್ಟತೆಯನ್ನು ಅದರಲ್ಲಿ ಹುಡುಕುವುದು ವ್ಯರ್ಥ.

ಕಾಗದಗಳ ಬೆಲೆಯನ್ನು ಈತನು ಅರಿತವನಾಗಿದ್ದನು. ತನ್ನ ಸ್ನೇಹಿತನೂ ಇಂಗ್ಲೆಂಡಿನ ಪ್ರಧಾನಮಂತ್ರಿಯೂ ಆಗಿದ್ದ ಬೋನರ್ ಲಾ ಎಂಬವನ ಕಾಗದಪತ್ರಗಳು ಈತನಿಗೆ ಬಂದಿದ್ದುವು. ಲಾಯ್ಡ್ ಜಾರ್ಜನ ಕಾಗದಪತ್ರಗಳನ್ನು ಕ್ರಯಕ್ಕೆ ಪಡೆದುಕೊಂಡನು. ಇವುಗಳ ಆಧಾರದಿಂದ ತನ್ನ ಕಾಲದ ರಾಜಕಾರಣದ ಚರಿತ್ರೆಯನ್ನು ತಾನೇ ಬರೆದನು. ಆ ಗ್ರಂಥಗಳು ಓದಲು ಸ್ವಾರಸ್ಯವಾಗಿದ್ದರೂ, ಲೇಖಕನೇ ಕಥೆಯಲ್ಲಿ ಪಾತ್ರಧಾರಿಯಾಗಿದ್ದುದರಿಂದ, ಅವುಗಳಲ್ಲಿ ಬೆರೆತ ಅಲಂಕಾರವನ್ನು ಮುಂದಿನ ಇತಿಹಾಸಕಾರರು ಮೂಲಪತ್ರಗಳೊಡನೆ ಹೋಲಿಸಿ ಬೇರ್ಪಡಿಸಬೇಕಾಯಿತು. ೧೯೬೪ನೆಯ ಜೂನ್ ೯ರಂದು ಈತನು ತೀರಿಕೊಂಡ ಮೇಲೆ, ಈ ಎಲ್ಲ ಕಾಗದಗಳಿಗಾಗಿ ೧೯೬೭ರಲ್ಲಿ ಲಂಡನ್ನಿನಲ್ಲಿ ಒಂದು ಗ್ರಂಥಾಲಯವು ತೆರೆಯಿತು. ಇತಿಹಾಸಕಾರನಾದ ಎ. ಜೆ. ಪಿ. ಟೇಲರನು ಅದರ ಮೇಲ್ವಿಚಾರಣೆಯನ್ನು ವಹಿಸಿ, ೧೯೭೨ರಲ್ಲಿ ಪ್ರಭುವಿನ ಚರಿತ್ರೆಯನ್ನು ಪ್ರಕಟಿಸಿದನು. ೧೯೭೫ರಲ್ಲಿ ಗ್ರಂಥಾಲಯವು ಮುಚ್ಚಿದ ಬಳಿಕ ಕಾಗದಗಳು ಇಂಗ್ಲೆಂಡಿನ ಪ್ರಭುಸಭೆಯ ದಾಖಲೆಗಳ ಕಾರ್ಯಾಲಯಕ್ಕೆ ಹೋದುವು.

೩

ಈತನ ಪತ್ರಿಕಾಕಲಹಗಳಲ್ಲಿ ಎಲ್ಲಕ್ಕಿಂತ ದೊಡ್ಡದು ೧೯೨೯ರಿಂದ ೧೯೩೧ರ ವರೆಗೆ ನಡೆಯಿತು. ಬ್ರಿಟಿಷ್ ಸಾಮ್ರಾಜ್ಯದ ದೇಶಗಳೊಳಗೆ ಸುಂಕವಿಲ್ಲದ ವ್ಯಾಪಾರವಿರಬೇಕು, ಹೊರಗಿನ ಸರಕಿಗೆ ಸುಂಕವಿರಬೇಕು ಎಂಬುದು ಈತನ ಹಟ. ಅದನ್ನು ಒಪ್ಪದಿದ್ದ ಕನ್ಸರ್ವೇಟಿವ್ ಪಕ್ಷದ ನಾಯಕ ಸ್ಟಾನ್ಲಿ ಬಾಲ್ಡ್ವಿನ್ನನನ್ನು ಕೆಳಗಿಳಿಸುವುದಕ್ಕೆ ಈತನೂ ‘ಡೈಲಿ ಮೇಲ್’ ಪತ್ರಿಕೆಯ ಒಡೆಯನಾದ ರಾದರ್ಮಿಯರ್ ಪ್ರಭುವೂ ಜೊತೆಗೂಡಿದರು. ಈ ಕಲಹದ ಮುಖ್ಯ ಘಟ್ಟಗಳಲ್ಲೆಲ್ಲ ಒಂದಲ್ಲ ಒಂದು ಪತ್ರವು ಕಾಣಿಸಿಕೊಳ್ಳುತ್ತದೆ.

ಮೊದಲನೆಯದು ರಾದರ್ಮಿಯರನ ಪತ್ರ. ತನ್ನ ಬೆಂಬಲ ಬೇಕಾದರೆ ಬಾಲ್ಡ್ವಿನ್ನನ ಕಾರ್ಯನೀತಿಯೇನೆಂಬುದು ಮಾತ್ರವಲ್ಲ, ಅವನ ಮುಂದಿನ ಮಂತ್ರಿಮಂಡಲದಲ್ಲಿ ಸೇರತಕ್ಕ ಪ್ರಮುಖರಲ್ಲಿ ಎಂಟು ಹತ್ತು ಮಂದಿಯ ಹೆಸರುಗಳೂ ತನಗೆ ಮುಂಚಿತವಾಗಿ ತಿಳಿಯಬೇಕೆಂದು ಅದರಲ್ಲಿ ಕೇಳಿದ್ದನು. ೧೯೩೦ನೆಯ ಜೂನ್ ೨೪ರಂದು ಪಕ್ಷದ ಸಭೆಯಲ್ಲಿ ಬಾಲ್ಡ್ವಿನ್ನನು ಆ ಪತ್ರವನ್ನು ಬಹಿರಂಗವಾಗಿ ಓದಿಬಿಟ್ಟನು. ಏಕಾಂತದಲ್ಲಿ ಬೆದರಿಕೆಯಾಗಿದ್ದ ಮಾತು ಸಭೆಯಲ್ಲಿ ನಗೆಗೀಡಾಯಿತು. ಅಕ್ಷರಗಳು ಬದಲಾಗಲಿಲ್ಲ, ಓದುವವರು ಮಾತ್ರ ಬದಲಾದರು. ಪತ್ರದ ಅರ್ಥವು ಓದುಗನನ್ನೂ ಅವಲಂಬಿಸುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ಸೌತ್ ಪ್ಯಾಡಿಂಗ್ಟನ್ ಉಪಚುನಾವಣೆಯಲ್ಲಿ ಬೀವರ್‌ಬ್ರುಕ್ಕನ ಅಭ್ಯರ್ಥಿಯು ಗೆದ್ದನು. ಆದರೆ ೧೯೩೧ರ ಮಾರ್ಚಿಯಲ್ಲಿ ಸೇಂಟ್ ಜಾರ್ಜಸ್ ಕ್ಷೇತ್ರದ ಉಪಚುನಾವಣೆ ಬಂದಿತು. ಈ ವೇಳೆಗೆ ಭಾರತದ ಪ್ರಶ್ನೆಯೂ ಈ ಜಗಳದೊಳಗೆ ಸೇರಿಕೊಂಡಿತ್ತು. ಮಾರ್ಚಿ ೫ರಂದು ಗಾಂಧೀಜಿಯವರಿಗೂ ವೈಸರಾಯ್ ಅರ್ವಿನ್ನನಿಗೂ ಒಪ್ಪಂದವಾಗಿತ್ತು. ಅರ್ವಿನ್ನನ ನೀತಿಯನ್ನು ಬಾಲ್ಡ್ವಿನ್ನನು ಎತ್ತಿಹಿಡಿದಿದ್ದನು. ರಾದರ್ಮಿಯರನ ಪತ್ರಿಕೆಗಳು ಅದನ್ನು ಕಟುವಾಗಿ ವಿರೋಧಿಸುತ್ತಿದ್ದುವು. ಆದುದರಿಂದ ಲಂಡನ್ನಿನ ಒಂದು ಕ್ಷೇತ್ರದ ಮತದಾನಕ್ಕೂ ಭಾರತದ ಉಪ್ಪಿನ ಸತ್ಯಾಗ್ರಹಿಗಳ ಬಿಡುಗಡೆಗೂ ಒಂದು ದೂರದ ಸಂಬಂಧವಿದ್ದಿತು. ಮಾರ್ಚಿ ೧೭ರಂದು ಬಾಲ್ಡ್ವಿನ್ನನು ಪತ್ರಿಕಾಧಿಪತಿಗಳನ್ನು ಕುರಿತು, ಇವರು ಹೊಣೆಯನ್ನು ಹೊರದೆ ಅಧಿಕಾರವನ್ನು ಬಯಸುವವರೆಂದು ಮೂದಲಿಸಿದ ಭಾಷಣವು ಪ್ರಸಿದ್ಧವಾಗಿದೆ. ಆ ಮಾತನ್ನು ಒದಗಿಸಿದವನು ಬಾಲ್ಡ್ವಿನ್ನನ ಬಂಧುವೂ, ಹಿಂದೆ ಬೀವರ್‌ಬ್ರುಕ್ಕನ ಗೆಳೆಯನೂ ಆಗಿದ್ದ ಕವಿ ಕಿಪ್ಲಿಂಗನು. ಎರಡು ದಿನಗಳ ಮೇಲೆ ನಡೆದ ಮತದಾನದಲ್ಲಿ ಬಾಲ್ಡ್ವಿನ್ನನ ಪಕ್ಷದ ಡಫ್ ಕೂಪರನು ಸುಮಾರು ೫,೭೦೦ ಮತಗಳ ಅಂತರದಿಂದ ಗೆದ್ದನು. ಆ ತಿಂಗಳ ಕೊನೆಯಲ್ಲಿ ಬೀವರ್‌ಬ್ರುಕ್ಕನಿಗೂ ನೆವಿಲ್ ಚೇಂಬರ್ಲಿನ್ನನಿಗೂ ನಡೆದ ಪತ್ರಗಳ ವಿನಿಮಯದಿಂದ ಕಲಹವು ಮುಗಿಯಿತು. ಪತ್ರದಿಂದ ಕೆರಳಿದ ಜಗಳವು ಪತ್ರದಿಂದಲೇ ಶಾಂತವಾಯಿತೆನ್ನಬಹುದು.

ಎರಡನೆಯ ಮಹಾಯುದ್ಧದ ಅನಂತರ ಪತ್ರಿಕಾಧಿಪತಿಗಳ ಪ್ರಾಬಲ್ಯವನ್ನು ವಿಚಾರಿಸುವುದಕ್ಕಾಗಿ ಇಂಗ್ಲೆಂಡಿನಲ್ಲಿ ೧೯೪೭ರಿಂದ ೧೯೪೯ರ ವರೆಗೆ ರಾಜನಿಯುಕ್ತ ಆಯೋಗವೊಂದು ಕುಳಿತಿತು. ೧೯೪೮ರಲ್ಲಿ ಅದರ ಮುಂದೆ ಸಾಕ್ಷ್ಯವನ್ನು ನುಡಿದ ಬೀವರ್‌ಬ್ರುಕ್ಕನು, ತಾನು ಪತ್ರಿಕೆಯನ್ನು ನಡೆಸುವುದು ತನ್ನ ಮತಪ್ರಚಾರಕ್ಕಾಗಿಯೇ ಹೊರತು ಬೇರೆ ಉದ್ದೇಶದಿಂದಲ್ಲವೆಂದು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡನು. ಆದರೂ ಈತನನ್ನು ಏಕರೂಪನಾದ ನಿರಂಕುಶಪ್ರಭುವೆಂದು ತಿಳಿಯಲಾಗದು. ೧೯೨೭ರಲ್ಲಿ ‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಗೆ ಸೇರಿದ ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರನಿಗೆ, ತನ್ನ ಮನಸ್ಸಿಗೆ ಬಂದಂತೆ ಚಿತ್ರಿಸುವ ಸ್ವಾತಂತ್ರ್ಯವು ಕರಾರಿನಲ್ಲಿಯೇ ದೊರೆತಿತ್ತು. ಅವನು ಪತ್ರಿಕೆಯ ನೀತಿಯನ್ನೂ ಒಡೆಯನನ್ನೂ ಅದೇ ಪತ್ರಿಕೆಯಲ್ಲಿ ಪರಿಹಾಸ್ಯಮಾಡುತ್ತಿದ್ದನು. ಮಾತನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿಟ್ಟಲ್ಲಿ ಜಗಳಕ್ಕೆ ಎಡೆಯಿಲ್ಲದಾಯಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಇದೇ ಕಾಲದ ಕರ್ನಾಟಕದಲ್ಲಿ ಪತ್ರಿಕಾಕಲಹವೆಂಬ ಮಾತಿಗೆ ಅರ್ಥವೇ ಬೇರೆಯಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆಯನ್ನು ಹೊರಡಿಸಕೂಡದೆಂಬ ಕಾನೂನು ೧೯೦೮ರಲ್ಲಿ ಬಂದಾಗ, ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ೧೯೨೧ರಲ್ಲಿ ‘ಕರ್ಮವೀರ’ವೂ ೧೯೨೯ರಲ್ಲಿ ‘ಸಂಯುಕ್ತ ಕರ್ನಾಟಕ’ವೂ ಹುಟ್ಟಿದುವು, ೧೯೩೧ರ ಪತ್ರಿಕಾಶಾಸನವು ಭಾರತದ ಪತ್ರಿಕೆಗಳಿಂದ ಠೇವಣಿಯನ್ನು ಕೇಳುವ, ಅದನ್ನು ಮುಟ್ಟುಗೋಲು ಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಲಂಡನ್ನಿನಲ್ಲಿ ಮಂತ್ರಿಗಳ ಹೆಸರನ್ನು ಮುಂಚಿತವಾಗಿ ಕೇಳುವ ಪತ್ರಿಕಾಧಿಪತಿಯಿದ್ದ ದಿನಗಳಲ್ಲಿ, ಕನ್ನಡದ ಸಂಪಾದಕನು ಠೇವಣಿಯ ಹಣಕ್ಕಾಗಿ ಚಿಂತಿಸುವ ಸ್ಥಿತಿಯಿತ್ತು. ಒಂದೇ ಸಾಮ್ರಾಜ್ಯದ ಎರಡು ಮುಖಗಳಿವು.

೪

ಇನ್ನು ಚಿತ್ರಶಾಲೆಯ ಸಂಗತಿ. ೧೯೪೭ರಲ್ಲಿ ಬೀವರ್‌ಬ್ರುಕ್ಕನು ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾನಿಲಯದ ಕುಲಾಧಿಪತಿಯಾದನು. ಆ ಪ್ರಾಂತದ ರಾಜಧಾನಿಯಾದ ಫ್ರೆಡರಿಕ್ಟನ್ನಿನಲ್ಲಿ, ಸೇಂಟ್ ಜಾನ್ ನದಿಯ ದಡದಲ್ಲಿ, ಒಂದು ಚಿತ್ರಶಾಲೆಯನ್ನು ಕಟ್ಟಿಸಬೇಕೆಂಬ ಸಂಕಲ್ಪವು ೧೯೫೦ರ ದಶಕದಲ್ಲಿ ಬಲಿಯಿತು. ಚಿತ್ರಗಳ ಆಯ್ಕೆಗಾಗಿ ಲಂಡನ್ನಿನ ಸಲಹೆಗಾರರನ್ನು ನಿಯಮಿಸಿಕೊಂಡನು. ೧೯೫೪ರಲ್ಲಿ ಇಂಗ್ಲೆಂಡಿನಲ್ಲಿ ಈತನ ಹೆಸರಿನ ಧರ್ಮಪ್ರತಿಷ್ಠಾನವೂ ಸ್ಥಾಪಿತವಾಯಿತು. ಚಿತ್ರಗಳ ಕ್ರಯದಲ್ಲಿ ಅದರ ಹಣವೂ ಸೇರುತ್ತಿತ್ತು. ೧೯೫೯ನೆಯ ಸೆಪ್ಟೆಂಬರ್ ೧೬ರಂದು ಚಿತ್ರಶಾಲೆಯ ಪ್ರಾರಂಭೋತ್ಸವವಾಯಿತು. ಅದರ ಆಡಳಿತಕ್ಕೆ ಒಂದು ಮಂಡಲಿಯಿದ್ದರೂ, ಪಾಲಕನೆಂಬ ಪದವಿಯನ್ನು ಬೀವರ್‌ಬ್ರುಕ್ಕನು ತನ್ನಲ್ಲಿಯೇ ಇರಿಸಿಕೊಂಡನು.

ಗೇನ್ಸ್‌ಬರೊ, ರೆನಾಲ್ಡ್ಸ್, ಕಾನ್ಸ್‌ಟಬಲ್ ಮೊದಲಾದ ಇಂಗ್ಲಿಷ್ ಚಿತ್ರಕಾರರ ಕೃತಿಗಳು ಅಲ್ಲಿ ನೆಲಸಿದುವು. ಟರ್ನರನು ೧೮೩೪ರಲ್ಲಿ ರಚಿಸಿದ ‘ಆಲಸ್ಯದ ಚಿಲುಮೆ’ ಎಂಬರ್ಥದ ಹೆಸರುಳ್ಳ ವರ್ಣಚಿತ್ರವೂ, ಲೂಷಿಯನ್ ಫ್ರಾಯ್ಡನು ೧೯೫೪ರಲ್ಲಿ ರಚಿಸಿದ ‘ಹೋಟೆಲಿನ ಮಲಗುವ ಕೋಣೆ’ಯೂ ಅವುಗಳಲ್ಲಿ ಪ್ರಧಾನವಾದುವು. ಕೆನಡಾದ ಹಿಮಗಾಲದ ಜನಜೀವನವನ್ನು ಚಿತ್ರಿಸಿದ ಕ್ರೀಘಾಫನ ಕೃತಿಗಳ ಸಮೂಹವೂ ಅಲ್ಲಿದೆ. ಸಾಲ್ವಡೋರ್ ದಾಲಿಯ ‘ಸಾಂಟಿಯಾಗೊ ಎಲ್ ಗ್ರಾಂಡೆ’ ಎಂಬ ಮಹಾಚಿತ್ರವು ಪ್ರಭುವಿನ ಸ್ನೇಹಿತನಾದ ಸರ್ ಜೇಮ್ಸ್ ಡನ್ನನ ಹೆಸರಿನ ಪ್ರತಿಷ್ಠಾನದಿಂದ ಬಂದುದು.

ಈ ಸಂಗ್ರಹದಲ್ಲಿ ಗ್ರೇಯಮ್ ಸದರ್ಲೆಂಡನು ಚರ್ಚಿಲ್ಲನ ಭಾವಚಿತ್ರಕ್ಕಾಗಿ ಬರೆದುಕೊಂಡ ಕೆಲವು ಸಿದ್ಧತಾರೇಖೆಗಳೂ ಇವೆ. ಆ ಭಾವಚಿತ್ರದ ಕಥೆಯು ಪ್ರಕೃತ ವಿಚಾರಕ್ಕೆ ಬಹಳ ಹತ್ತಿರದ್ದು. ೧೯೫೪ನೆಯ ನವೆಂಬರ್ ೩೦ರಂದು ಪಾರ್ಲಿಮೆಂಟಿನ ಉಭಯ ಸಭೆಗಳು ಅದನ್ನು ಚರ್ಚಿಲ್ಲನಿಗೆ ಉಡುಗೊರೆಯಾಗಿ ಒಪ್ಪಿಸಿದುವು. ಚರ್ಚಿಲ್ಲನ ಕಾಲಾನಂತರ ಅದು ಪಾರ್ಲಿಮೆಂಟಿನ ಭವನಕ್ಕೆ ಮರಳಬಹುದೆಂಬ ನಿರೀಕ್ಷೆಯು ಕೊಟ್ಟವರಲ್ಲಿತ್ತು. ಚರ್ಚಿಲ್ಲನಿಗೆ ಚಿತ್ರವು ಹಿಡಿಸಲಿಲ್ಲ. ಮನೆಯವರು ಅದನ್ನು ನಾಶಪಡಿಸಿದರು. ಈ ಸಂಗತಿ ಲೋಕಕ್ಕೆ ತಿಳಿದುದು ೧೯೭೮ರಲ್ಲಿ. ಕೊಟ್ಟವರ ನಿರೀಕ್ಷೆಯು ಎಷ್ಟೇ ನ್ಯಾಯವಾಗಿದ್ದರೂ, ದಾನದ ವಾಕ್ಯದೊಳಗೆ ಸೇರದಿದ್ದರೆ ಅದಕ್ಕೆ ಬಲವಿಲ್ಲವೆಂಬುದನ್ನು ಇದು ತೋರಿಸಿಕೊಟ್ಟಿತು.

೫

ಬೀವರ್‌ಬ್ರುಕ್ಕನ ಚಿತ್ರಶಾಲೆಯಲ್ಲಿ ತೊಡಕು ಇದಕ್ಕೆ ವಿಪರೀತವಾದ ದಿಕ್ಕಿನಿಂದ ಬಂದಿತು. ೨೦೦೩ರ ವೇಳೆಗೆ ಇಂಗ್ಲೆಂಡಿನ ಪ್ರತಿಷ್ಠಾನವು ಟರ್ನರನ ಚಿತ್ರವನ್ನೂ ಫ್ರಾಯ್ಡನ ಚಿತ್ರವನ್ನೂ ಮಾರುವ ಮಾತನ್ನೆತ್ತಿತು. ಈ ಚಿತ್ರಗಳು ಚಿತ್ರಶಾಲೆಗೆ ಎರವಲಾಗಿ ಬಂದುವೇ ಹೊರತು ದಾನವಾಗಿ ಬಂದುವಲ್ಲವೆಂಬುದು ಅದರ ವಾದ. ಪ್ರಭುವು ಇವುಗಳನ್ನು ನ್ಯೂ ಬ್ರನ್ಸ್‌ವಿಕ್ಕಿನ ಜನರಿಗೆ ಕೊಟ್ಟುಬಿಟ್ಟನೆಂಬುದು ಚಿತ್ರಶಾಲೆಯ ವಾದ. ವಿವಾದಕ್ಕೊಳಗಾದ ಕೃತಿಗಳು ಒಟ್ಟು ೧೩೩. ದೊಡ್ಡ ನಗರದ ವಸ್ತುಸಂಗ್ರಹಾಲಯಕ್ಕೆ ೧೩೩ ಚಿತ್ರಗಳ ನಷ್ಟವು ಸಹಿಸತಕ್ಕುದಾಗಿರಬಹುದು. ಫ್ರೆಡರಿಕ್ಟನ್ನಿನಂತಹ ಊರಿಗೆ ಅದು ಚಿತ್ರಶಾಲೆಯ ಜೀವವೇ ಹೋದಂತೆ. ಆ ಪ್ರಾಂತದ ಮಕ್ಕಳು ಟರ್ನರನ ಒಂದು ಮೂಲಚಿತ್ರವನ್ನು ತಮ್ಮ ಊರಿನಲ್ಲಿಯೇ ಕಣ್ಣಾರೆ ನೋಡುವುದು ಈ ತೀರ್ಪನ್ನು ಅವಲಂಬಿಸಿತ್ತು.

ಉಭಯ ಪಕ್ಷಗಳೂ ಒಪ್ಪಿ, ಕೆನಡಾದ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶನಾದ ಪೀಟರ್ ಕೋರಿಯನ್ನು ಮಧ್ಯಸ್ಥನನ್ನಾಗಿ ಮಾಡಿಕೊಂಡರು. ದಾನಿಯು ತೀರಿಕೊಂಡು ನಲವತ್ತು ವರ್ಷಗಳಾಗಿದ್ದುವು. ಆದುದರಿಂದ ಹಳೆಯ ಕಾಗದಗಳು, ಪಟ್ಟಿಗಳು, ಪ್ರಾರಂಭೋತ್ಸವದ ಕಾಲದ ಮಾತುಗಳು, ಲೆಕ್ಕದ ಪುಸ್ತಕಗಳು ಇವೇ ಸಾಕ್ಷಿಗಳ ಸ್ಥಾನಕ್ಕೆ ಬಂದುವು. ಕಾಗದಗಳ ಒಂದು ತುದಿ ಲಂಡನ್ನಿನಲ್ಲಿ, ಇನ್ನೊಂದು ತುದಿ ಫ್ರೆಡರಿಕ್ಟನ್ನಿನಲ್ಲಿ. ಒಂದೇ ವಸ್ತುವನ್ನು ಕುರಿತು ಲಂಡನ್ನಿನ ಪ್ರತಿಷ್ಠಾನದ ಲೆಕ್ಕಪತ್ರದ ಭಾಷೆ ಒಂದು ಬಗೆ. ಊರಿನ ಜನರ ಮುಂದೆ ನುಡಿದ ಔದಾರ್ಯದ ಭಾಷೆ ಇನ್ನೊಂದು ಬಗೆ.

೨೦೦೭ರ ಮಾರ್ಚಿಯಲ್ಲಿ ಕೋರಿಯು ತೀರ್ಪನ್ನಿತ್ತನು. ೧೯೫೯ರ ಪ್ರಾರಂಭೋತ್ಸವಕ್ಕೆ ಮೊದಲು ಚಿತ್ರಶಾಲೆಗೆ ಬಂದ ೮೫ ಕೃತಿಗಳು ದಾನವಾಗಿ ಬಂದುವೆಂದೂ, ಉತ್ಸವದ ತರುವಾಯ ಬಂದ ೪೮ ಕೃತಿಗಳು ಪ್ರತಿಷ್ಠಾನಕ್ಕೆ ಸೇರಿದುವೆಂದೂ ನಿರ್ಣಯವಾಯಿತು. ಟರ್ನರನ ಮತ್ತು ಫ್ರಾಯ್ಡನ ಚಿತ್ರಗಳೆರಡೂ ಮೊದಲನೆಯ ಗುಂಪಿನವಾದುದರಿಂದ ಚಿತ್ರಶಾಲೆಯಲ್ಲಿಯೇ ಉಳಿದುವು. ಪ್ರತಿಷ್ಠಾನವು ಮೇಲ್ಮನವಿ ಮಾಡಿಕೊಂಡಿತು. ೨೦೦೯ರಲ್ಲಿ ಮೂವರು ನಿವೃತ್ತ ನ್ಯಾಯಾಧೀಶರ ಮಂಡಲಿಯು ಮೊದಲಿನ ತೀರ್ಪನ್ನೇ ಸ್ಥಿರಪಡಿಸಿತು. ೨೦೧೦ರಲ್ಲಿ ಉಭಯ ಪಕ್ಷಗಳು ರಾಜಿಯಾದುವು. ಈ ಮಧ್ಯದಲ್ಲಿ ವ್ಯಾಜ್ಯಕ್ಕಾಗಿ ವೆಚ್ಚವಾದುದು ಹಲವು ದಶಲಕ್ಷ ಡಾಲರುಗಳು. ಸ್ಪಷ್ಟವಾದ ಒಂದು ದಾನಪತ್ರವಿದ್ದಿದ್ದರೆ ಈ ವೆಚ್ಚದ ಬಹುಭಾಗವು ಉಳಿಯುತ್ತಿತ್ತು.

೬

ಈ ತೀರ್ಪಿನ ಯುಕ್ತಿಯು ಕರ್ನಾಟಕದ ಓದುಗರಿಗೆ ಹೊಸದಾಗಿ ತೋರಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ಈ ಪ್ರಶ್ನೆಯು ಸೂಕ್ಷ್ಮವಾಗಿ ವಿಚಾರಿತವಾಗಿದೆ. ತನ್ನ ಸ್ವತ್ವವನ್ನು ಬಿಟ್ಟು ಪರನ ಸ್ವತ್ವವನ್ನುಂಟುಮಾಡುವುದೇ ದಾನ. ಪರನು ಸ್ವೀಕರಿಸಿದಾಗಲೇ ಅದು ಪೂರ್ಣವಾಗುವುದು. ಸ್ವೀಕಾರವು ಮನಸ್ಸಿನಿಂದ, ವಾಕ್ಕಿನಿಂದ, ಕಾಯದಿಂದ ಎಂದು ಮೂರು ತೆರ. ಭೂಮಿಯಂತಹ ವಸ್ತುವಿನಲ್ಲಿ ಫಲಭೋಗವಿಲ್ಲದೆ ಕಾಯಿಕವಾದ ಸ್ವೀಕಾರವು ಸಾಧ್ಯವಲ್ಲವಾದುದರಿಂದ ಸ್ವಲ್ಪವಾದರೂ ಭೋಗವಿರಬೇಕು. ಆದರೆ ಭೋಗವೊಂದೇ ಸಾಲದು. ವಸ್ತುವು ಹೇಗೆ ಬಂದಿತೆಂಬ ಆಗಮವೂ ಬೇಕು. ಇವು ಅಲ್ಲಿಯ ಸಿದ್ಧಾಂತಗಳು. ಇಂಗ್ಲಿಷ್ ನ್ಯಾಯಪದ್ಧತಿಯೂ ದಾನಕ್ಕೆ ಮೂರು ಅಂಗಗಳನ್ನು ಕೇಳುತ್ತದೆ: ಕೊಡುವವನ ಇಚ್ಛೆ, ವಸ್ತುವಿನ ಹಸ್ತಾಂತರ, ಪಡೆಯುವವನ ಸ್ವೀಕಾರ. ಒಂದನ್ನೊಂದು ಅರಿಯದ ಎರಡು ಶಾಸ್ತ್ರಗಳು ಈ ವಿಷಯದಲ್ಲಿ ಬಹುಮಟ್ಟಿಗೆ ಒಂದೇ ನೆಲೆಗೆ ಬಂದು ನಿಂತಿರುವುದು ಕುತೂಹಲಕರ.

ಈಗ ಫ್ರೆಡರಿಕ್ಟನ್ನಿನ ಚಿತ್ರಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ೮೫ ಚಿತ್ರಗಳೂ ಚಿತ್ರಶಾಲೆಯ ವಶದಲ್ಲಿದ್ದುವು. ೪೮ ಚಿತ್ರಗಳೂ ಅಲ್ಲಿಯೇ ಇದ್ದುವು. ಭೋಗದಲ್ಲಿ ಎರಡಕ್ಕೂ ಹೇಳಿಕೊಳ್ಳತಕ್ಕ ಭೇದವಿಲ್ಲ. ದಾನವಾಗಿ ಬಂದ ಚಿತ್ರವೂ ಎರವಲಾಗಿ ಬಂದ ಚಿತ್ರವೂ ಗೋಡೆಯ ಮೇಲೆ ಒಂದೇ ರೀತಿಯಾಗಿ ಕಾಣಿಸುತ್ತವೆ. ಭೇದವಿರುವುದು ಆಗಮದಲ್ಲಿ, ಅಂದರೆ ಆ ವಸ್ತುವು ಬಂದ ಕಾಲದಲ್ಲಿ ಕೊಟ್ಟವನು ಏನೆಂದು ಕೊಟ್ಟನು, ಪಡೆದವನು ಏನೆಂದು ಪಡೆದನು ಎಂಬುದರಲ್ಲಿ. ಇದನ್ನು ವಸ್ತುವು ತಾನಾಗಿ ಹೇಳಲಾರದು. ಆದುದರಿಂದಲೇ ಪತ್ರಗಳ ಮೊರೆಹೊಗಬೇಕಾಯಿತು. ದಾನವು ಒಮ್ಮೆ ಪೂರ್ಣವಾದ ಮೇಲೆ ದಾನಿಯ ಕಡೆಯವರ ಪಟ್ಟಿಯಲ್ಲಿ ಮುಂದೆಂದಾದರೂ ಎರವಲೆಂದು ಬರೆದುಕೊಂಡರೂ ಬಿಟ್ಟುಹೋದ ಸ್ವತ್ವವು ಹಿಂದಿರುಗದು. ಹಾಗ��ಯೇ ದಾನವೇ ಆಗದ ವಸ್ತುವು ಎಷ್ಟು ವರ್ಷ ಗೋಡೆಯ ಮೇಲಿದ್ದರೂ ಅದರಿಂದ ಮಾತ್ರವೇ ದಾನವಾಗದು. ಪ್ರಾರಂಭೋತ್ಸವದ ದಿನವು ಎರಡು ಗುಂಪುಗಳ ನಡುವಣ ಗಡಿಯಾದುದರ ಮರ್ಮವಿದು.

ಗದಗ ಸೀಮೆಯ ದಾನಶಾಸನಗಳನ್ನು ಬರೆಯಿಸಿದವರು ಈ ತೊಡಕನ್ನು ಮುಂಗಂಡಿದ್ದರು. ಲಕ್ಕುಂಡಿಯಲ್ಲಿ ೧೦೦೭ನೆಯ ಇಸವಿಯ ಶಾಸನವು ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯ ಔದಾರ್ಯವನ್ನು ಕೊಂಡಾಡುತ್ತದೆ. ಆ ಕಾಲದ ದಾನಶಾಸನಗಳ ಸಾಮಾನ್ಯವಾದ ಕ್ರಮವೇನೆಂದರೆ, ಪ್ರತಿಗ್ರಹೀತನ ಕಾಲ್ತೊಳೆದು, ಧಾರೆಯೆರೆದು, ತಿಥಿವಾರಗಳನ್ನು ಹೇಳಿ, ಭೂಮಿಯ ಮತ್ತರುಗಳ ಲೆಕ್ಕವನ್ನೂ ನಾಲ್ಕು ದಿಕ್ಕಿನ ಎಲ್ಲೆಯನ್ನೂ ಬರೆದು, ಕೊನೆಗೆ ದಾನವನ್ನು ಅಪಹರಿಸಿದವರಿಗೆ ಶಾಪವನ್ನು ಕೆತ್ತಿಸುವುದು. ಇದರಲ್ಲಿ ಧಾರೆಯೆರೆಯುವುದು ಸ್ವತ್ವತ್ಯಾಗದ ಕುರುಹು, ಆಚಾರ್ಯನ ಹೆಸರು ಸ್ವೀಕಾರದ ಕುರುಹು, ಎಲ್ಲೆಯು ವಸ್ತುನಿರ್ದೇಶ, ತಿಥಿಯು ಕಾಲನಿರ್ದೇಶ, ಶಾಪವು ದಾನಿಯ ವಂಶಸ್ಥರನ್ನೂ ಕಟ್ಟಿಹಾಕುವ ಉಪಾಯ. ಬೀವರ್‌ಬ್ರುಕ್ಕನ ವಿಪುಲವಾದ ಕಾಗದಗಳಲ್ಲಿ ಈ ಅಂಗಗಳೆಲ್ಲವೂ ಒಂದೆಡೆ ಕೂಡಿಬಂದಿದ್ದರೆ ಮಧ್ಯಸ್ಥನಿಗೆ ಕೆಲಸವಿರುತ್ತಿರಲಿಲ್ಲ.

೭

ಈ ವೃತ್ತಾಂತದಿಂದ ಪತ್ರವ್ಯವಹಾರವನ್ನು ಸಾಧನವಾಗಿ ಬಳಸುವ ಸಂಶೋಧಕನು ತಿಳಿಯತಕ್ಕುದು ಮೂರು ಸಂಗತಿಗಳು. ಮೊದಲನೆಯದು, ಪತ್ರವನ್ನು ಯಾರಿಗೆ, ಯಾವ ಕಾರ್ಯಸಾಧನೆಗಾಗಿ ಬರೆದುದೆಂಬುದನ್ನು ನಿರ್ಣಯಿಸದೆ ಅದರ ಮಾತನ್ನು ಪ್ರಮಾಣವಾಗಿ ಹಿಡಿಯಲಾಗದು. ಕಲಹದ ನಡುವೆ ಬರೆದ ಪತ್ರವು ಎದುರಾಳಿಯನ್ನು ಮಣಿಸುವುದಕ್ಕಾಗಿ ಹುಟ್ಟಿದುದು; ಲೆಕ್ಕಪತ್ರವು ಲೆಕ್ಕಿಗನ ಸಮಾಧಾನಕ್ಕಾಗಿ ಹುಟ್ಟಿದುದು. ಎರಡನೆಯದು, ಸಂಗತಿಯು ನಡೆದ ಕಾಲದಲ್ಲಿಯೇ ಬರೆದ ಪತ್ರಕ್ಕೆ ಇರುವ ಬೆಲೆಯು, ಅನಂತರ ಸ್ಮರಣೆಯಿಂದಲೋ ಅನುಕೂಲಕ್ಕಾಗಿಯೋ ಬರೆದ ಪತ್ರಕ್ಕಿಲ್ಲ. ಬೀವರ್‌ಬ್ರುಕ್ಕನು ತಾನೇ ಬರೆದ ಚರಿತ್ರೆಗಳನ್ನು ತಿದ್ದುವುದಕ್ಕೆ ಅವನೇ ಸಂಗ್ರಹಿಸಿಟ್ಟ ಮೂಲಪತ್ರಗಳು ನೆರವಾದುವೆಂಬುದನ್ನು ಇಲ್ಲಿ ಸ್ಮರಿಸಬಹುದು. ಮೂರನೆಯದು, ಪತ್ರವ್ಯವಹಾರಕ್ಕೆ ಎರಡು ತುದಿಗಳಿವೆ; ಬರೆದವನ ಕಡೆಯ ನಕಲನ್ನು ಮಾತ್ರ ನೋಡಿದವನು ಅರ್ಧವನ್ನೇ ನೋಡಿದಂತೆ. ಸ್ವೀಕರಿಸಿದವನು ಏನೆಂದು ತಿಳಿದುಕೊಂಡನೆಂಬುದು ಇನ್ನೊಂದು ತುದಿಯಲ್ಲಿ ಮಾತ್ರ ದೊರೆಯುವುದು.

ಕರ್ನಾಟಕದ ಸಂಘಸಂಸ್ಥೆಗಳಿಗೂ ಇದರಿಂದ ಪ್ರಯೋಜನವುಂಟು. ತಾಳೆಗರಿಯ ಓಲೆಗಳು, ಸಂಪಾದಕರ ಕಾಗದಗಳು, ಚಿತ್ರಕಾರರ ಕೃತಿಗಳು ಮನೆತನಗಳಿಂದ ಸಂಘಗಳಿಗೂ ಮಠಗಳಿಗೂ ವಿದ್ಯಾಲಯಗಳಿಗೂ ವಿಶ್ವಾಸದ ಮೇಲೆ ಬಂದು ಸೇರುವುದು ವಾಡಿಕೆ. ಕೊಡುವವರು ಬಾಯಿಮಾತಿನಲ್ಲಿ ಕೊಡುತ್ತಾರೆ. ಪಡೆಯುವವರು ಕೃತಜ್ಞತೆಯಿಂದ ಪಡೆಯುತ್ತಾರೆ. ಕಾಗದವನ್ನು ಕೇಳುವುದು ಅವಿಶ್ವಾಸದ ಲಕ್ಷಣವೆಂದು ಇಬ್ಬರೂ ಭಾವಿಸುತ್ತಾರೆ. ಆ ಇಬ್ಬರೂ ಇರುವವರೆಗೆ ತೊಂದರೆಯಿಲ್ಲ. ಮೊಮ್ಮಕ್ಕಳ ಕಾಲಕ್ಕೆ ಪ್ರಶ್ನೆಯೇಳುತ್ತದೆ. ವಸ್ತುವು ದಾನವೋ ಎರವಲೋ ಎಂಬ ಒಂದು ವಾಕ್ಯ, ವಸ್ತುಗಳ ಪಟ್ಟಿ, ದಿನಾಂಕ, ಕೊಟ್ಟವನ ಮತ್ತು ಪಡೆದವನ ರುಜು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎರಡು ಕಡೆಯೂ ಒಂದೊಂದು ಪ್ರತಿಯನ್ನಿಟ್ಟುಕೊಂಡರೆ ಸಾಕು. ಅದು ದಾನಿಯ ಔದಾರ್ಯಕ್ಕೆ ಕುಂದಲ್ಲ. ಆ ಔದಾರ್ಯವು ದಾನಿಯ ತರುವಾಯವೂ ಬಾಳುವಂತೆ ಮಾಡುವ ರಕ್ಷೆ. ಸಾವಿರ ವರ್ಷಗಳ ಹಿಂದೆ ಕಲ್ಲಿನ ಮೇಲೆ ಎಲ್ಲೆಯನ್ನು ಕೆತ್ತಿಸಿದವರು ಅರಿತಿದ್ದುದು ಇದನ್ನೇ.